ಕಾರಿನೊಳಗಿನ ಕ್ರ್ಯಾಶ್ ರೆಕಾರ್ಡರ್: ಸಹಿ ಹಾಕುವ ಮುಂಚೆ ನಿಮಗೆ ಗೊತ್ತಿರಬೇಕಾದದ್ದು

2011ರ ನವೆಂಬರ್ 2ರ ಬೆಳಗಿನ ಜಾವ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಲೆಫ್ಟಿನೆಂಟ್ ಗವರ್ನರ್ ಟಿಮ್ ಮರ್ರಿ ಒಬ್ಬರೇ ಸರ್ಕಾರಿ ಕಾರು ಓಡಿಸುತ್ತಿದ್ದರು. ಕಾರು ಹೆದ್ದಾರಿ ಬಿಟ್ಟು ಪಕ್ಕಕ್ಕೆ ನುಗ್ಗಿ ಬಂಡೆಗೆ ಬಡಿದು ಪಲ್ಟಿಯಾಯಿತು. ಅದೃಷ್ಟಕ್ಕೆ ಅವರಿಗೆ ದೊಡ್ಡ ಪೆಟ್ಟಾಗಲಿಲ್ಲ. ವೇಗದ ಮಿತಿಯಲ್ಲೇ ಇದ್ದೆ, ಸೀಟ್ ಬೆಲ್ಟ್ ಹಾಕಿದ್ದೆ ಎಂದು ಹೇಳಿದರು. ಎರಡು ತಿಂಗಳು ಕಳೆದ ಮೇಲೆ ಕಾರಿನೊಳಗಿನ ರೆಕಾರ್ಡರ್‌ನ ಲೆಕ್ಕ ಹೊರಬಿತ್ತು. ವೇಗ ಗಂಟೆಗೆ 108 ಮೈಲಿ, ಅಂದರೆ ಸುಮಾರು 174 ಕಿಲೋಮೀಟರ್. ಬೆಲ್ಟ್ ಹಾಕಿರಲಿಲ್ಲ. ಬಹುಶಃ ನಿದ್ದೆ ಹತ್ತಿತ್ತು ಎಂದು ಪೊಲೀಸರು ಅಂದಾಜು ಮಾಡಿದರು.

ಒಬ್ಬರ ಮಾನ ತೆಗೆಯೋಕೆ ಈ ಕಥೆ ಹೇಳುತ್ತಿಲ್ಲ. ನಿದ್ದೆಗೆ ಜಾರಿದವರಿಗೆ ಕೊನೆಯ ಐದು ಸೆಕೆಂಡು ಹೇಗೆ ನೆನಪಿರುತ್ತದೆ? ಪೆಟ್ಟಿಗೆಗೆ ನೆನಪಿರುತ್ತದೆ. ನಾಳೆ ನಿಮ್ಮ ತಪ್ಪಿಲ್ಲದೆ ಯಾರೋ ಬಂದು ಗುದ್ದಿ, "ಇವರೇ ಜೋರಾಗಿ ಬಂದರು" ಎಂದರೆ, ನಿಮ್ಮ ಪರವಾಗಿ ಮಾತಾಡುವುದೂ ಅದೇ ಪೆಟ್ಟಿಗೆ. ಹಾಗಾಗಿ ಅದನ್ನು ಕಂಡು ಹೆದರಬೇಕಿಲ್ಲ. ಅದರಲ್ಲಿ ಏನಿದೆ, ಅದು ಯಾರದ್ದು, ಯಾವ ಕಾಗದಕ್ಕೆ ಸಹಿ ಹಾಕಿದಾಗ ಅದು ನಮ್ಮ ಕೈ ತಪ್ಪುತ್ತದೆ ಎಂಬ ಮೂರು ವಿಷಯ ಗೊತ್ತಿರಬೇಕು. ಬಹಳಷ್ಟು ಜನ ತಮ್ಮ ಮಾಹಿತಿಯನ್ನು ಕಳ್ಳರಿಗೆ ಕಳೆದುಕೊಳ್ಳುವುದಿಲ್ಲ. ಓದದೆ ಹಾಕಿದ ಒಂದು ಸಹಿಗೆ, ಸುಮ್ನೆ ಒತ್ತಿದ ಒಂದು "ಒಪ್ಪಿದೆ" ಬಟನ್‌ಗೆ ಕಳೆದುಕೊಳ್ಳುತ್ತಾರೆ.

ಒಂದೊಂದೇ ಹೆಜ್ಜೆಯಾಗಿ ನೋಡೋಣ.

ಹೆಜ್ಜೆ 1: ಯಾವ ಪೆಟ್ಟಿಗೆಯ ಮಾತು ಎಂದು ಬೇರ್ಪಡಿಸಿಕೊಳ್ಳಿ

"ಕಾರಲ್ಲಿ ಬ್ಲ್ಯಾಕ್ ಬಾಕ್ಸ್ ಇದೆಯಂತೆ, ನಾವು ಹೋದಲ್ಲೆಲ್ಲ ರೆಕಾರ್ಡ್ ಮಾಡುತ್ತದಂತೆ" ಎಂಬ ಮಾತು ಕೇಳಿರುತ್ತೀರಿ. ಇದರಲ್ಲಿ ಬೇರೆ ಬೇರೆ ಮೂರು ವಸ್ತುಗಳು ಕಲಸಿಹೋಗಿವೆ.

ಮೊದಲನೆಯದು ಈವೆಂಟ್ ಡೇಟಾ ರೆಕಾರ್ಡರ್. ಚಿಕ್ಕದಾಗಿ ಇಡಿಆರ್. ಇದು ಬೇರೆ ಪೆಟ್ಟಿಗೆಯೇ ಅಲ್ಲ. ಏರ್‌ಬ್ಯಾಗ್ ಬಿಚ್ಚಬೇಕೋ ಬೇಡವೋ ಎಂದು ತೀರ್ಮಾನಿಸುವ ಮಾಡ್ಯೂಲ್ ಇರುತ್ತದಲ್ಲ, ಅದರೊಳಗಿನ ಒಂದಿಷ್ಟು ಮೆಮೊರಿ ಅಷ್ಟೇ. ಸಾಮಾನ್ಯವಾಗಿ ಎರಡು ಮುಂದಿನ ಸೀಟುಗಳ ನಡುವೆ, ಕನ್ಸೋಲ್‌ನ ಕೆಳಗೆ, ನೆಲಕ್ಕೆ ಗಟ್ಟಿಯಾಗಿ ಬೋಲ್ಟ್ ಮಾಡಿರುತ್ತಾರೆ. ಕಾರು ಓಡುವಾಗ ಇದು ಕೊನೆಯ ಕೆಲವು ಸೆಕೆಂಡುಗಳನ್ನು ಬರೆಯುತ್ತಾ, ಅಳಿಸುತ್ತಾ ಇರುತ್ತದೆ. ಡಿಕ್ಕಿಯಾದಾಗ ಮಾತ್ರ ಆ ತುಣುಕನ್ನು ಹಿಡಿದಿಟ್ಟುಕೊಳ್ಳುತ್ತದೆ. ಮಾತು ರೆಕಾರ್ಡ್ ಮಾಡುವುದಿಲ್ಲ, ವಿಡಿಯೋ ತೆಗೆಯುವುದಿಲ್ಲ, ತಾನಾಗಿ ಯಾರಿಗೂ ಏನೂ ಕಳಿಸುವುದಿಲ್ಲ. ಯಾರಾದರೂ ಬಂದು ಕೇಬಲ್ ಚುಚ್ಚಿ ಓದಬೇಕು.

ಎರಡನೆಯದು ಟೆಲಿಮ್ಯಾಟಿಕ್ಸ್. ಇದಕ್ಕೆ ತನ್ನದೇ ಸಿಮ್ ಇರುತ್ತದೆ. ಕಾರು ಎಲ್ಲಿದೆ, ಎಷ್ಟು ವೇಗ, ಎಲ್ಲಿ ಜೋರಾಗಿ ಬ್ರೇಕ್ ಹಾಕಿದಿರಿ ಎಂಬುದನ್ನು ಇದು ಕಂಪನಿಯ ಸರ್ವರ್‌ಗೆ ಕಳಿಸಬಲ್ಲದು. ಡಿಕ್ಕಿಯಾಗಲಿ ಬಿಡಲಿ, ದಿನವೂ ಕಳಿಸಬಲ್ಲದು.

ಮೂರನೆಯದು ನೀವು ಫೋನ್ ಜೋಡಿಸುವ ಪರದೆ. ಕಾಂಟ್ಯಾಕ್ಟ್‌ಗಳು, ಕರೆಗಳ ಪಟ್ಟಿ, ಹಳೆಯ ವಿಳಾಸಗಳು ಅದರಲ್ಲಿ ಉಳಿದಿರುತ್ತವೆ.

ಗಾಬರಿ ಹೆಚ್ಚಾಗಿ ಮೊದಲನೆಯದರ ಬಗ್ಗೆ ಇರುತ್ತದೆ. ನನ್ನ ಕೇಳಿದರೆ ಎರಡನೆಯದಕ್ಕೆ ಜಾಸ್ತಿ ಹುಷಾರಾಗಿರಬೇಕು. ಅಲ್ಲಿಗೆ ಆಮೇಲೆ ಬರುತ್ತೇನೆ.

ಹೆಜ್ಜೆ 2: ನಿಮ್ಮ ಕಾರಿನಲ್ಲಿ ಇದೆಯಾ ನೋಡಿ

ಗ್ಲೋವ್ ಬಾಕ್ಸ್‌ನಲ್ಲಿ ಬಿದ್ದಿರುವ ಓನರ್ಸ್ ಮ್ಯಾನ್ಯುಯಲ್ ತೆಗೆಯಿರಿ. ಅಮೆರಿಕದಲ್ಲಿ ಇಡಿಆರ್ ಇರುವ ಕಾರಿನ ಮ್ಯಾನ್ಯುಯಲ್‌ನಲ್ಲಿ ಆ ಬಗ್ಗೆ ಒಂದು ಹೇಳಿಕೆ ಇರಲೇಬೇಕು ಎಂಬ ನಿಯಮವಿದೆ. ಕೊನೆಯ ಪುಟಗಳಲ್ಲಿ, "ಡೇಟಾ ರೆಕಾರ್ಡಿಂಗ್" ಎಂಬ ತಲೆಬರಹದ ಕೆಳಗೆ ಹುಡುಕಿ. ಮ್ಯಾನ್ಯುಯಲ್ ಕಳೆದುಹೋಗಿದ್ದರೆ ಕಂಪನಿಯ ವೆಬ್‌ಸೈಟಿನಲ್ಲಿ ಸಿಗುತ್ತದೆ. ಇನ್ನೊಂದು ದಾರಿ ಎಂದರೆ, ಇಡಿಆರ್ ಓದುವ ತನ್ನ ಸಿಡಿಆರ್ ಉಪಕರಣದಿಂದ ಯಾವ ಯಾವ ಕಾರುಗಳನ್ನು ಓದಬಹುದು ಎಂಬ ಪಟ್ಟಿಯನ್ನು ಬಾಷ್ ಕಂಪನಿ ಪ್ರಕಟಿಸುತ್ತದೆ. ಅದರಲ್ಲಿ ನಿಮ್ಮ ಮಾಡೆಲ್ ಮತ್ತು ವರ್ಷ ನೋಡಿಕೊಳ್ಳಿ.

ಕಾರು ಹೊಸದಾದಷ್ಟೂ ಇರುವ ಸಾಧ್ಯತೆ ಜಾಸ್ತಿ. ಜನರಲ್ ಮೋಟರ್ಸ್ 1990ರ ದಶಕದಲ್ಲೇ ಏರ್‌ಬ್ಯಾಗ್ ಮಾಡ್ಯೂಲ್‌ನಲ್ಲಿ ಇಂಥ ಮಾಹಿತಿ ಉಳಿಸತೊಡಗಿತ್ತು. ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ 2006ರಲ್ಲಿ ಒಂದು ನಿಯಮ ಮಾಡಿತು. ಇಡಿಆರ್ ಹಾಕಲೇಬೇಕು ಎಂದು ಅದು ಹೇಳಲಿಲ್ಲ. ಹಾಕಿದರೆ ಇಂತಿಂಥ ಮಾಹಿತಿ ಇಂತಿಂಥ ರೀತಿಯಲ್ಲಿ ಇರಬೇಕು ಎಂದಿತು. ಅದು 2012ರ ಸೆಪ್ಟೆಂಬರ್ 1ರಿಂದ ತಯಾರಾದ ಕಾರುಗಳಿಗೆ ಅನ್ವಯಿಸುತ್ತದೆ. ಯುರೋಪಿಯನ್ ಒಕ್ಕೂಟದಲ್ಲಿ ಕಾರು ಮತ್ತು ವ್ಯಾನ್‌ಗಳ ಹೊಸ ಮಾಡೆಲ್‌ಗಳಿಗೆ 2022ರ ಜುಲೈಯಿಂದ, ಮಾರಾಟಕ್ಕೆ ಬರುವ ಎಲ್ಲ ಹೊಸ ಗಾಡಿಗಳಿಗೆ 2024ರ ಜುಲೈಯಿಂದ ಇದು ಕಡ್ಡಾಯ. ಚೀನಾ ಕೂಡ 2022ರಿಂದ ಹೊಸ ಪ್ರಯಾಣಿಕ ಕಾರುಗಳಿಗೆ ಕಡ್ಡಾಯ ಮಾಡಿದೆ.

ಇದ್ದರೆ ಕಿತ್ತು ಹಾಕಿಬಿಡೋಣ ಅನ್ನಿಸಬಹುದು. ದಯವಿಟ್ಟು ಬೇಡ. ಆ ಮಾಡ್ಯೂಲ್ ಕಿತ್ತರೆ ಏರ್‌ಬ್ಯಾಗ್ ಬಿಚ್ಚುವುದಿಲ್ಲ. ಮಾಹಿತಿ ಉಳಿಸಿಕೊಳ್ಳೋಕೆ ಹೋಗಿ ಜೀವ ಕಳೆದುಕೊಳ್ಳುವ ಕೆಲಸ ಅದು.

ಹೆಜ್ಜೆ 3: ಅದರಲ್ಲಿ ಏನಿರುತ್ತದೆ ಎಂದು ಒಮ್ಮೆ ಕಣ್ಣಾರೆ ನೋಡಿ

ಇಲ್ಲಿ ಸ್ವಲ್ಪ ನಿಧಾನ ಮಾಡೋಣ. ಬೇರೆಯವರು ನಿಮ್ಮ ಬಗ್ಗೆ ಓದುವುದನ್ನು ನೀವೂ ಓದಲು ಕಲಿಯಬೇಕು.

2006ರ ಅಮೆರಿಕದ ನಿಯಮದ ಪ್ರಕಾರ ಡಿಕ್ಕಿಗೆ ಮುಂಚಿನ 5 ಸೆಕೆಂಡುಗಳ ಮಾಹಿತಿ ಇರಬೇಕು, ಸೆಕೆಂಡಿಗೆ 2 ಸಲದಂತೆ. ಕಾರಿನ ವೇಗ, ಆಕ್ಸಿಲರೇಟರ್ ಎಷ್ಟು ಒತ್ತಿದ್ದಿರಿ, ಬ್ರೇಕ್ ಒತ್ತಿದ್ದಿರೋ ಇಲ್ಲವೋ, ಇಷ್ಟು ಮುಖ್ಯ. ಜೊತೆಗೆ ಡ್ರೈವರ್ ಬೆಲ್ಟ್ ಹಾಕಿದ್ದರೇ, ಏರ್‌ಬ್ಯಾಗ್‌ನ ಎಚ್ಚರಿಕೆ ದೀಪ ಉರಿಯುತ್ತಿತ್ತೇ, ಏರ್‌ಬ್ಯಾಗ್ ಎಷ್ಟು ಮಿಲಿಸೆಕೆಂಡಿಗೆ ಬಿಚ್ಚಿತು, ಅಲ್ಲಿಯವರೆಗೆ ಎಷ್ಟು ಸಲ ಇಗ್ನಿಷನ್ ಆನ್ ಆಗಿತ್ತು ಎಂಬ ಲೆಕ್ಕ ಇರುತ್ತದೆ. ಡಿಕ್ಕಿಯ ಹೊತ್ತಿನಲ್ಲಿ ಕಾರಿನ ವೇಗ ಎಷ್ಟು ಏರುಪೇರಾಯಿತು ಎಂಬುದೂ ಇರುತ್ತದೆ. ಇದನ್ನು ತಜ್ಞರು ಡೆಲ್ಟಾ-ವಿ ಎನ್ನುತ್ತಾರೆ. ಪೆಟ್ಟು ಎಷ್ಟು ಜೋರಿತ್ತು ಎಂದು ಅದರಿಂದ ತಿಳಿಯುತ್ತದೆ. ಕೆಲವು ಕಾರುಗಳಲ್ಲಿ ಸ್ಟೀರಿಂಗ್ ಎಷ್ಟು ತಿರುಗಿತ್ತು, ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕೆಲಸ ಮಾಡುತ್ತಿತ್ತೇ ಎಂಬುದೂ ಸೇರಿರುತ್ತದೆ.

ವರದಿ ಹೇಗಿರುತ್ತದೆ ಎಂದು ತೋರಿಸಲು ನಾನೇ ಬರೆದ ಒಂದು ಮಾದರಿ ಇಲ್ಲಿದೆ. ಸೊನ್ನೆ ಎಂದರೆ ಡಿಕ್ಕಿಯ ಕ್ಷಣ. ನಡುವಿನ ಕೆಲವು ಸಾಲು ಬಿಟ್ಟಿದ್ದೇನೆ.

−5.0 ಸೆಕೆಂಡು: ವೇಗ 68 ಕಿ.ಮೀ., ಆಕ್ಸಿಲರೇಟರ್ 14 ಶೇಕಡಾ, ಬ್ರೇಕ್ ಇಲ್ಲ
−3.0 ಸೆಕೆಂಡು: ವೇಗ 69, ಆಕ್ಸಿಲರೇಟರ್ 14, ಬ್ರೇಕ್ ಇಲ್ಲ
−2.0 ಸೆಕೆಂಡು: ವೇಗ 69, ಆಕ್ಸಿಲರೇಟರ್ 0, ಬ್ರೇಕ್ ಇಲ್ಲ
−1.5 ಸೆಕೆಂಡು: ವೇಗ 67, ಆಕ್ಸಿಲರೇಟರ್ 0, ಬ್ರೇಕ್ ಇದೆ
−1.0 ಸೆಕೆಂಡು: ವೇಗ 58, ಬ್ರೇಕ್ ಇದೆ
−0.5 ಸೆಕೆಂಡು: ವೇಗ 47, ಬ್ರೇಕ್ ಇದೆ
0 ಸೆಕೆಂಡು: ವೇಗ 36, ಬ್ರೇಕ್ ಇದೆ

−2.0 ಸಾಲು ನೋಡಿ. ಆಕ್ಸಿಲರೇಟರ್ ಸೊನ್ನೆ, ಬ್ರೇಕ್ ಇನ್ನೂ ಇಲ್ಲ. ಕಾಲು ಒಂದು ಪೆಡಲ್‌ನಿಂದ ಇನ್ನೊಂದಕ್ಕೆ ಹೋಗುತ್ತಿದೆ. ಅಂದರೆ ಅಷ್ಟರಲ್ಲೇ ಡ್ರೈವರ್ ಅಪಾಯ ಕಂಡಿದ್ದಾರೆ. ಮುಂದಿನ ಸಾಲಿಗೆ ಬ್ರೇಕ್ ಬಿದ್ದಿದೆ. 69ರಲ್ಲಿದ್ದ ಕಾರು 36ಕ್ಕೆ ಇಳಿದಿದೆ. "ಇವರು ರಸ್ತೆಯನ್ನೇ ನೋಡುತ್ತಿರಲಿಲ್ಲ" ಎಂದು ಯಾರಾದರೂ ಆರೋಪ ಮಾಡಿದರೆ, ಈ ಏಳು ಸಾಲುಗಳೇ ಅದಕ್ಕೆ ಉತ್ತರ.

ಈಗ ಇದರಲ್ಲಿ ಏನಿಲ್ಲ ಎಂಬುದನ್ನೂ ನೋಡಿ. ಸಿಗ್ನಲ್ ಕೆಂಪಿತ್ತಾ ಹಸಿರಿತ್ತಾ ಗೊತ್ತಿಲ್ಲ. ಎದುರಿಗೆ ಬಂದದ್ದು ಮಗುವೋ ಲಾರಿಯೋ ಗೊತ್ತಿಲ್ಲ. ಸ್ಟೀರಿಂಗ್ ಹಿಡಿದವರು ಯಾರು ಎಂಬುದೂ ಗೊತ್ತಿಲ್ಲ. ಹಾಗಾಗಿ ವರದಿ ಮುಂದಿಟ್ಟು "ಎಲ್ಲ ಇದರಲ್ಲೇ ಇದೆ" ಎಂದು ಹೇಳುವವರ ಮಾತನ್ನು ಪೂರ್ತಿ ನಂಬಬೇಡಿ.

ಅಂಕಿಗಳೂ ಕಣ್ಣುಮುಚ್ಚಿ ಒಪ್ಪುವಂಥವಲ್ಲ. ವೇಗ ಬರುವುದು ಸಾಮಾನ್ಯವಾಗಿ ಚಕ್ರ ತಿರುಗುವ ಲೆಕ್ಕದಿಂದ. ಚಕ್ರ ಲಾಕ್ ಆಗಿ ಕಾರು ಜಾರುತ್ತಿದ್ದರೆ ಇರುವುದಕ್ಕಿಂತ ಕಡಿಮೆ ವೇಗ ದಾಖಲಾಗಬಹುದು. ಚಕ್ರ ಸುಮ್ನೆ ಗಿರಗಿರ ತಿರುಗಿದರೆ ಜಾಸ್ತಿ ತೋರಿಸಬಹುದು. ಟೈರ್ ಅಳತೆ ಬದಲಿಸಿದ್ದರೂ ವ್ಯತ್ಯಾಸ ಬರುತ್ತದೆ. ಅರ್ಧ ಸೆಕೆಂಡಿಗೆ ಒಂದು ಸಲ ಬರೆಯುವಾಗ, ನಡುವೆ ಒತ್ತಿದ ಬ್ರೇಕ್ ಮುಂದಿನ ಸಾಲಿನಲ್ಲಷ್ಟೇ ಕಾಣಿಸುತ್ತದೆ. ಡಿಕ್ಕಿಯಲ್ಲಿ ಕರೆಂಟ್ ಕಟ್ ಆದರೆ ದಾಖಲೆ ಅರ್ಧಕ್ಕೇ ನಿಂತಿರಬಹುದು. ಅನುಭವ ಇರುವ ತಜ್ಞರು ರಸ್ತೆಯ ಮೇಲಿನ ಟೈರ್ ಗುರುತು, ಕಾರಿನ ನಜ್ಜುಗುಜ್ಜು, ಸಾಕ್ಷಿಗಳ ಮಾತು ಎಲ್ಲದರ ಜೊತೆಗಿಟ್ಟು ಇದನ್ನು ಓದುತ್ತಾರೆ. ಒಂಟಿಯಾಗಿ ಓದುವುದಿಲ್ಲ.

ಇನ್ನೊಂದು ಬದಲಾವಣೆ ನಿಮಗೆ ಗೊತ್ತಿರಲಿ. 2024ರ ಡಿಸೆಂಬರ್‌ನಲ್ಲಿ ಎನ್‌ಎಚ್‌ಟಿಎಸ್‌ಎ ನಿಯಮವನ್ನು ತಿದ್ದಿತು. ಮುಂದೆ ಬರುವ ಕಾರುಗಳಲ್ಲಿ 5 ಸೆಕೆಂಡಿನ ಜಾಗದಲ್ಲಿ 20 ಸೆಕೆಂಡು, ಸೆಕೆಂಡಿಗೆ 2ರ ಬದಲು 10 ಸಲ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ 5 ಸೆಕೆಂಡಿಗೆ ಕಾರು ಸುಮಾರು 140 ಮೀಟರ್ ಹೋಗುತ್ತದೆ. 20 ಸೆಕೆಂಡಿಗೆ ಅರ್ಧ ಕಿಲೋಮೀಟರಿಗಿಂತ ಜಾಸ್ತಿ. ಮೊದಲನೆಯದು ಅಪಘಾತದ ಕಥೆ. ಎರಡನೆಯದರಲ್ಲಿ ನೀವು ಓಡಿಸುವ ರೀತಿಯೂ ಕಾಣಿಸತೊಡಗುತ್ತದೆ. ಅಪಘಾತ ಯಾಕಾಯಿತು ಎಂದು ತಿಳಿಯಲು ಇದು ಒಳ್ಳೆಯದೇ. ಆದರೆ ಮಾಹಿತಿ ಹಿಗ್ಗಿದಷ್ಟೂ ಅದು ಯಾರ ಕೈಯಲ್ಲಿದೆ ಎಂಬ ಪ್ರಶ್ನೆಯೂ ದೊಡ್ಡದಾಗುತ್ತದೆ, ಅಲ್ವಾ?

ಹೆಜ್ಜೆ 4: ಮಾಹಿತಿ ಯಾರದ್ದು ಎಂದು ಖಚಿತ ಮಾಡಿಕೊಳ್ಳಿ

ಇದು ದೇಶದಿಂದ ದೇಶಕ್ಕೆ ಬೇರೆ. ನೀವಿರುವ ಕಡೆಯ ಕಾನೂನನ್ನು ವಕೀಲರಲ್ಲಿ ಕೇಳಿಕೊಳ್ಳಿ. ಸ್ಪಷ್ಟವಾಗಿ ಬರೆದಿಟ್ಟ ಎರಡು ಮಾದರಿಗಳನ್ನು ಹೇಳುತ್ತೇನೆ.

ಅಮೆರಿಕದಲ್ಲಿ 2015ರ ಡ್ರೈವರ್ ಪ್ರೈವಸಿ ಆ್ಯಕ್ಟ್ ಇದೆ. ಇಡಿಆರ್‌ನಲ್ಲಿರುವ ಮಾಹಿತಿ ಕಾರಿನ ಮಾಲೀಕರದ್ದು, ಲೀಸ್‌ಗೆ ಪಡೆದಿದ್ದರೆ ಲೀಸ್‌ದಾರರದ್ದು ಎಂದು ಅದು ಹೇಳುತ್ತದೆ. ಬೇರೆಯವರು ಓದಬೇಕಾದರೆ ಕೋರ್ಟಿನ ಅನುಮತಿ ಬೇಕು, ಇಲ್ಲವೇ ನಿಮ್ಮ ಒಪ್ಪಿಗೆ ಬೇಕು. ಕೇಂದ್ರ ಸರ್ಕಾರದ ಸುರಕ್ಷತಾ ತನಿಖೆ, ಗಾಯಾಳುಗಳಿಗೆ ತುರ್ತು ಚಿಕಿತ್ಸೆ, ಹೆಸರು ಗುರುತು ತೆಗೆದ ಸಂಶೋಧನೆ, ಇವಕ್ಕೆ ವಿನಾಯಿತಿ ಇದೆ. ಹಲವು ರಾಜ್ಯಗಳು ತಮ್ಮದೇ ಕಾನೂನನ್ನೂ ಮಾಡಿವೆ.

ಈ ಕಾನೂನಿನ ಹೆಸರು ಡ್ರೈವರ್‌ಗೆ ಸಂಬಂಧಿಸಿದ್ದು. ಹಕ್ಕು ಮಾತ್ರ ಡ್ರೈವರ್‌ಗೆ ಸಿಕ್ಕಿಲ್ಲ, ಮಾಲೀಕರಿಗೆ ಸಿಕ್ಕಿದೆ. ಇದನ್ನು ಬಹಳ ಜನ ಗಮನಿಸುವುದಿಲ್ಲ. ಕಂಪನಿಯ ಕಾರು ಓಡಿಸುತ್ತೀರಾ? ಓಡಿಸಿದ್ದು ನಿಮ್ಮ ಕಾಲು, ನಿಮ್ಮ ಕೈ. ಆದರೆ ದಾಖಲೆ ಕಂಪನಿಯದ್ದು. ಬಾಡಿಗೆ ಕಾರು, ಗೆಳೆಯರ ಕಾರು, ಎಲ್ಲದಕ್ಕೂ ಇದೇ ಮಾತು. ಟಿಮ್ ಮರ್ರಿ ಓಡಿಸಿದ್ದೂ ಸರ್ಕಾರದ ಕಾರನ್ನೇ. ಕೆಲಸಕ್ಕೆ ಸೇರುವಾಗ ವಾಹನದ ಬಗ್ಗೆ ಕೊಡುವ ನಿಯಮಗಳ ಹಾಳೆ ಇರುತ್ತದೆ. ಅದನ್ನು ಓದಿ. ಮಾಹಿತಿಯನ್ನು ಯಾವಾಗ, ಯಾರು ತೆಗೆಯುತ್ತಾರೆ ಎಂದು ಅದರಲ್ಲಿ ಇಲ್ಲದಿದ್ದರೆ ಕೇಳಿ, ಬರವಣಿಗೆಯಲ್ಲಿ ಉತ್ತರ ಪಡೆಯಿರಿ.

ಪೊಲೀಸರ ವಿಷಯಕ್ಕೆ ಬಂದರೆ, ಅಮೆರಿಕದ ಕೋರ್ಟುಗಳು ಎಲ್ಲ ಒಂದೇ ಮಾತು ಹೇಳಿಲ್ಲ. 2013ರಲ್ಲಿ ಕ್ಯಾಲಿಫೋರ್ನಿಯದ ಒಂದು ಮೇಲ್ಮನವಿ ಕೋರ್ಟು, ವಾರಂಟ್ ಇಲ್ಲದೆ ತೆಗೆದ ಮಾಹಿತಿಯನ್ನು ಒಪ್ಪಿತ್ತು. 2017ರಲ್ಲಿ ಫ್ಲೋರಿಡಾದ ಮೇಲ್ಮನವಿ ಕೋರ್ಟು, ವಶಪಡಿಸಿಕೊಂಡ ಕಾರಿನ ರೆಕಾರ್ಡರ್ ಓದಲೂ ವಾರಂಟ್ ಬೇಕು ಎಂದಿತು. 2019ರಲ್ಲಿ ಜಾರ್ಜಿಯಾ ರಾಜ್ಯದ ಸುಪ್ರೀಂ ಕೋರ್ಟು, ಅಪಘಾತದ ಜಾಗದಲ್ಲೇ ವಾರಂಟ್ ಇಲ್ಲದೆ ಪೊಲೀಸರು ಮಾಹಿತಿ ತೆಗೆದದ್ದು ತಪ್ಪು ಎಂದು ತೀರ್ಪು ಕೊಟ್ಟಿತು. ಆದರೆ ನೀವಾಗಿಯೇ "ಸರಿ, ನೋಡಿಕೊಳ್ಳಿ" ಎಂದುಬಿಟ್ಟರೆ ವಾರಂಟ್‌ನ ಪ್ರಶ್ನೆಯೇ ಬರುವುದಿಲ್ಲ.

ಯುರೋಪಿನ ದಾರಿ ಬೇರೆ. ಅಲ್ಲಿ ಮಾಹಿತಿಗೆ ಗುರುತೇ ಇರಬಾರದು ಎನ್ನುವ ಹಾದಿ ಹಿಡಿದರು. ಗಾಡಿಯ ಗುರುತಿನ ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳನ್ನು ರೆಕಾರ್ಡರ್ ಉಳಿಸುವ ಹಾಗಿಲ್ಲ. ಮಾಹಿತಿ ಹೊರಗೆ ಹೋಗದಂಥ ಮುಚ್ಚಿದ ವ್ಯವಸ್ಥೆ ಇರಬೇಕು. ಆದರೆ ರೆಕಾರ್ಡರ್ ಅನ್ನು ಆಫ್ ಮಾಡುವ ಅವಕಾಶವೂ ಇಲ್ಲ. ಒಳ್ಳೆಯ ಆಲೋಚನೆಯೇ. ಆದರೂ ಒಂದು ಮಾತು. ಸಾವಿರಾರು ಅಪಘಾತಗಳ ಪಟ್ಟಿಯಲ್ಲಿ ನಿಮ್ಮ ಗುರುತು ಅಳಿಸಿಹೋಗುತ್ತದೆ, ನಿಜ. ನಿಮ್ಮದೇ ಜಖಂಗೊಂಡ ಕಾರಿನಿಂದ ನಿಮ್ಮ ಕಣ್ಣೆದುರೇ ಮಾಡ್ಯೂಲ್ ತೆಗೆದರೆ, ಅದು ಯಾರ ಕಾರಿನದ್ದು ಎಂದು ತಿಳಿಯಲು ಸಂಖ್ಯೆ ಬೇಕಾಗುವುದಿಲ್ಲ.

ಹೆಜ್ಜೆ 5: ಡಿಕ್ಕಿಯಾದರೆ ಏನು ಮಾಡಬೇಕು

ಮೊದಲು ಜೀವ. ಗಾಯ ನೋಡಿ, ಆಂಬುಲೆನ್ಸ್ ಕರೆಸಿ, ಪೊಲೀಸರಿಗೆ ತಿಳಿಸಿ. ಪೆಟ್ಟಿಗೆಯ ಯೋಚನೆ ಆಮೇಲೆ.

ಎಲ್ಲರೂ ಸುರಕ್ಷಿತ ಎಂದು ಖಾತ್ರಿಯಾದ ಮೇಲೆ ಕಾರು ಎಲ್ಲಿಗೆ ಹೋಗುತ್ತಿದೆ ಎಂದು ಬರೆದಿಟ್ಟುಕೊಳ್ಳಿ. ಯಾವ ಟೋ ಗಾಡಿ, ಯಾವ ಯಾರ್ಡ್, ಯಾರ ಫೋನ್ ನಂಬರ್, ಎಲ್ಲ ಬೇಕು. ಕಾರು ನಿಮ್ಮ ಕಣ್ಣಿಂದ ಮರೆಯಾದ ಮೇಲೆ ಅದರೊಳಗಿನ ಮಾಹಿತಿಯ ಮೇಲೆ ನಿಮ್ಮ ಹಿಡಿತ ಸಡಿಲವಾಗುತ್ತದೆ.

ಕಾರನ್ನು ಮತ್ತೆ ಓಡಿಸಬೇಡಿ. ಏರ್‌ಬ್ಯಾಗ್ ಬಿಚ್ಚಿದ್ದರೆ ದಾಖಲೆ ಲಾಕ್ ಆಗುತ್ತದೆ, ಅದರ ಮೇಲೆ ಬೇರೆ ಬರೆಯಲು ಆಗುವುದಿಲ್ಲ. ಏರ್‌ಬ್ಯಾಗ್ ಬಿಚ್ಚದಷ್ಟು ಸಣ್ಣ ಡಿಕ್ಕಿಯಾಗಿದ್ದರೆ ಹಾಗಿಲ್ಲ. ಅಮೆರಿಕದ ನಿಯಮದಲ್ಲಿ 150 ಮಿಲಿಸೆಕೆಂಡಿನೊಳಗೆ ವೇಗದಲ್ಲಿ ಗಂಟೆಗೆ 8 ಕಿಲೋಮೀಟರಿನಷ್ಟು ಬದಲಾವಣೆಯಾದರೆ ಅದನ್ನೊಂದು ಘಟನೆ ಎಂದು ದಾಖಲಿಸಬೇಕು. ಅಂಥ ದಾಖಲೆ ಮುಂದಿನ ಗುದ್ದಿಗೆ ಅಳಿಸಿಹೋಗಬಹುದು. ಜನರಲ್ ಮೋಟರ್ಸ್‌ನ ಕೆಲವು ಹಳೆಯ ಮಾಡ್ಯೂಲ್‌ಗಳಲ್ಲಂತೂ ಸುಮಾರು 250 ಸಲ ಇಗ್ನಿಷನ್ ಆನ್ ಮಾಡಿದರೆ ಅದು ತಾನಾಗಿಯೇ ಹೋಗುತ್ತದೆ. ದಿನಕ್ಕೆ ನಾಲ್ಕೈದು ಸಲ ಕಾರು ಸ್ಟಾರ್ಟ್ ಮಾಡುವವರಿಗೆ ಅದು ಸುಮಾರು ಎರಡು ತಿಂಗಳಷ್ಟೇ.

ಬರವಣಿಗೆಯಲ್ಲಿ ತಿಳಿಸಿ. ಯಾರ್ಡ್‌ಗೆ, ಗ್ಯಾರೇಜಿಗೆ, ಇನ್ಶೂರೆನ್ಸ್ ಕಂಪನಿಗೆ ಒಂದೊಂದು ಮೇಲ್ ಸಾಕು. ಹೀಗೆ ಬರೆಯಬಹುದು: "ಈ ವಾಹನದ ಏರ್‌ಬ್ಯಾಗ್ ಕಂಟ್ರೋಲ್ ಮಾಡ್ಯೂಲ್ ಮತ್ತು ಅದರಲ್ಲಿರುವ ಮಾಹಿತಿಯನ್ನು ಇದ್ದ ಹಾಗೆಯೇ ಕಾಪಾಡಬೇಕು. ನನ್ನ ಲಿಖಿತ ಒಪ್ಪಿಗೆ ಇಲ್ಲದೆ ಯಾರೂ ಅದನ್ನು ತೆಗೆಯಬಾರದು, ಓದಬಾರದು, ಬದಲಿಸಬಾರದು." ಎದುರಿನ ಗಾಡಿಯ ಮಾಹಿತಿ ನಿಮಗೆ ಬೇಕು ಅನ್ನಿಸಿದರೆ, ಅದನ್ನೂ ಕಾಪಾಡಿ ಎಂದು ವಕೀಲರ ಮೂಲಕ ಬೇಗ ನೋಟಿಸ್ ಕಳಿಸಿ. ತಡವಾದರೆ ಆ ಕಾರು ಗುಜರಿ ಸೇರಿರುತ್ತದೆ.

ಈಗ ಸಹಿಯ ವಿಷಯ. ಅಪಘಾತವಾದ ದಿನ ತಲೆ ಕೆಟ್ಟಿರುತ್ತದೆ. ಮೈ ನೋವು, ಮನೆಯವರ ಫೋನು, ಒಂದರ ಮೇಲೊಂದು ಫಾರಂ. ಅಂಥ ಹೊತ್ತಿನಲ್ಲೇ "ಇಲ್ಲೊಂದು ಸಹಿ ಹಾಕಿ ಸಾರ್, ಇದು ಮಾಮೂಲಿ" ಎಂದು ಹಾಳೆ ಮುಂದೆ ಬರುತ್ತದೆ. ಟೋ ಮಾಡಲು ಅನುಮತಿ, ರಿಪೇರಿಗೆ ಅನುಮತಿ, ಕ್ಲೇಮ್ ಅರ್ಜಿ, ಯಾವುದರಲ್ಲಿ ಬೇಕಾದರೂ ವಾಹನದ ಎಲೆಕ್ಟ್ರಾನಿಕ್ ಮಾಹಿತಿ ತೆಗೆಯಲು ಒಪ್ಪಿಗೆ ಎಂಬ ಸಾಲು ಸೇರಿರಬಹುದು. "ಡೇಟಾ", "ರೆಕಾರ್ಡರ್", "ಡೌನ್‌ಲೋಡ್", "ಡಯಾಗ್ನಾಸ್ಟಿಕ್", ಈ ನಾಲ್ಕು ಪದಗಳನ್ನು ಹುಡುಕಿ. ಸಿಕ್ಕಿದರೆ ಆ ಸಾಲಿಗೆ ಗೆರೆ ಎಳೆದು, ಪಕ್ಕದಲ್ಲಿ ಚಿಕ್ಕ ಸಹಿ ಹಾಕಿ, ಉಳಿದದ್ದಕ್ಕೆ ಒಪ್ಪಿ. ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಓದುವ ಸ್ಥಿತಿಯಲ್ಲಿ ಇಲ್ಲದಿದ್ದರೆ "ನಾಳೆ ಓದಿ ಕಳಿಸುತ್ತೇನೆ" ಎನ್ನಿ. ಹಾಗೆ ಹೇಳುವುದರಲ್ಲಿ ಸಂಕೋಚ ಬೇಡ. ಪಾಲಿಸಿಯಲ್ಲೇ ತನಿಖೆಗೆ ಸಹಕರಿಸಬೇಕು ಎಂಬ ಷರತ್ತು ಇದ್ದರೆ ಅದನ್ನು ಕಡೆಗಣಿಸುವ ಹಾಗಿಲ್ಲ. ಆಗ ವಕೀಲರನ್ನು ಕೇಳಿ, ಏನು ತೆಗೆಯುತ್ತಾರೆ, ನನಗೂ ಪ್ರತಿ ಕೊಡುತ್ತಾರಾ ಎಂದು ತಿಳಿದುಕೊಂಡು ಒಪ್ಪಿ.

ಮಾಹಿತಿ ನಿಮಗೇ ಬೇಕಾದರೆ ಗ್ಯಾರೇಜಿನ ಮಾಮೂಲಿ ಸ್ಕ್ಯಾನರ್‌ನಿಂದ ಆಗುವುದಿಲ್ಲ. ಅದಕ್ಕೆ ಬೇರೆ ಉಪಕರಣ ಬೇಕು. ಬಾಷ್‌ನ ಸಿಡಿಆರ್ ಹಲವಾರು ಬ್ರ್ಯಾಂಡ್‌ಗಳನ್ನು ಓದುತ್ತದೆ. ಟೆಸ್ಲಾ 2018ರಲ್ಲಿ ತನ್ನದೇ ಉಪಕರಣ ಹೊರತಂದಿತು. ಅಪಘಾತ ವಿಶ್ಲೇಷಣೆ ಮಾಡುವ ಸ್ವತಂತ್ರ ತಜ್ಞರ ಬಳಿ ಇವು ಇರುತ್ತವೆ. ಕಾರಿಗೆ ಇನ್ನೂ ಕರೆಂಟ್ ಬರುತ್ತಿದ್ದರೆ ಸ್ಟೀರಿಂಗ್ ಕೆಳಗಿನ ಓಬಿಡಿ ಪೋರ್ಟ್‌ನಿಂದ (ಗ್ಯಾರೇಜಿನವರು ಸ್ಕ್ಯಾನರ್ ಚುಚ್ಚುವ ಜಾಗ) ಓದುತ್ತಾರೆ. ಇಲ್ಲವಾದರೆ ಮಾಡ್ಯೂಲ್‌ಗೇ ನೇರವಾಗಿ ಕೇಬಲ್ ಹಾಕುತ್ತಾರೆ. ಓದಿದರೆ ಮಾಹಿತಿ ಅಳಿಸುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತನ್ನು ಒತ್ತಿ ಹೇಳಬೇಕು. ಒಪ್ಪಿಗೆ ಕೊಡದಿರುವುದು ನಿಮ್ಮ ಹಕ್ಕು. ಮಾಹಿತಿ ನಾಶ ಮಾಡುವುದು ಹಕ್ಕಲ್ಲ. ಡಿಕ್ಕಿಯಾದ ಮೇಲೆ ಮಾಡ್ಯೂಲ್ ಕಿತ್ತು ಬಿಸಾಡಿದರೆ ಕೋರ್ಟು ಅದನ್ನು ಸಾಕ್ಷ್ಯ ನಾಶ ಎಂದೇ ನೋಡುತ್ತದೆ. ಯಾರಿಗಾದರೂ ಗಾಯವಾಗಿದ್ದರೆ, ಸತ್ಯ ತಿಳಿಯುವ ಹಕ್ಕು ಅವರಿಗೂ ಇದೆ.

ಹೆಜ್ಜೆ 6: ಕಾರು ಕೈ ಬಿಡುವ ಮುಂಚೆ

ರಿಪೇರಿ ಮಾಡುವಾಗ, ಏರ್‌ಬ್ಯಾಗ್ ಬಿಚ್ಚಿದ ಕಾರಿನ ಮಾಡ್ಯೂಲ್ ಅನ್ನು ಸಾಮಾನ್ಯವಾಗಿ ಬದಲಿಸುತ್ತಾರೆ. ಹಳೆಯ ಮಾಡ್ಯೂಲ್‌ನಲ್ಲಿ ನಿಮ್ಮ ಡಿಕ್ಕಿಯ ದಾಖಲೆ ಹಾಗೇ ಕೂತಿರುತ್ತದೆ. "ಹಳೆಯ ಪಾರ್ಟ್ ನನಗೇ ಕೊಡಿ" ಎಂದು ಕೆಲಸ ಶುರುವಾಗುವ ಮೊದಲೇ ಜಾಬ್ ಕಾರ್ಡ್‌ನಲ್ಲಿ ಬರೆಸಿ.

ಕಾರು ಪೂರ್ತಿ ಹಾಳಾಗಿ ಇನ್ಶೂರೆನ್ಸ್ ಕಂಪನಿ ಟೋಟಲ್ ಲಾಸ್ ಎಂದರೆ ಇನ್ನೂ ಹುಷಾರು. ದುಡ್ಡು ಕೊಟ್ಟು ಕಾರನ್ನು ಅವರ ಹೆಸರಿಗೆ ಮಾಡಿಸಿಕೊಳ್ಳುತ್ತಾರೆ. ಹಕ್ಕು ಮಾಲೀಕರದ್ದು ಎಂದು ನೋಡಿದೆವಲ್ಲ. ಈಗ ಮಾಲೀಕರು ಅವರು! ವರ್ಗಾವಣೆಯ ಕಾಗದಕ್ಕೆ ಸಹಿ ಬಿದ್ದ ಮೇಲೆ ನಿಮ್ಮ ಒಪ್ಪಿಗೆ ಬೇಕಾಗುವುದೇ ಇಲ್ಲ. ತಪ್ಪು ಯಾರದ್ದು ಎಂಬ ವಾದ ಇನ್ನೂ ನಡೆಯುತ್ತಿದ್ದರೆ ಆ ಸಹಿಗೆ ಮುಂಚೆಯೇ ನಿಮ್ಮ ತಜ್ಞರಿಂದ ಮಾಹಿತಿ ತೆಗೆಸಿಟ್ಟುಕೊಳ್ಳಿ.

ಹೆಜ್ಜೆ 7: ಟೆಲಿಮ್ಯಾಟಿಕ್ಸ್‌ನ ಬಾಗಿಲು ಮುಚ್ಚಿ

ಇಡಿಆರ್ ಡಿಕ್ಕಿಗೆ ಕಾಯುತ್ತದೆ. ಟೆಲಿಮ್ಯಾಟಿಕ್ಸ್ ಯಾವುದಕ್ಕೂ ಕಾಯುವುದಿಲ್ಲ.

2024ರ ಮಾರ್ಚ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಒಂದು ವರದಿ ಪ್ರಕಟಿಸಿತು. ಜನರಲ್ ಮೋಟರ್ಸ್‌ನ ಷೆವಿ ಬೋಲ್ಟ್ ಕಾರು ಇಟ್ಟುಕೊಂಡಿದ್ದ ಒಬ್ಬರ ಇನ್ಶೂರೆನ್ಸ್ ಕಂತು ಇದ್ದಕ್ಕಿದ್ದಂತೆ 21 ಶೇಕಡಾ ಏರಿತ್ತು. ಒಂದು ಅಪಘಾತವನ್ನೂ ಮಾಡಿದವರಲ್ಲ. ಲೆಕ್ಸಿಸ್‌ನೆಕ್ಸಿಸ್ ಎಂಬ ಡೇಟಾ ಕಂಪನಿಯಿಂದ ತಮ್ಮ ಬಗೆಗಿನ ಕಡತ ತರಿಸಿ ನೋಡಿದರೆ 258 ಪುಟ. ಅದರಲ್ಲಿ 130ಕ್ಕೂ ಹೆಚ್ಚು ಪುಟ ಅವರೂ ಅವರ ಹೆಂಡತಿಯೂ ಆರು ತಿಂಗಳಲ್ಲಿ ಮಾಡಿದ 640 ಓಡಾಟಗಳ ಲೆಕ್ಕ. ಯಾವಾಗ ಹೊರಟರು, ಯಾವಾಗ ತಲುಪಿದರು, ಎಷ್ಟು ದೂರ, ಎಷ್ಟು ಸಲ ಜೋರಾಗಿ ಬ್ರೇಕ್ ಹಾಕಿದರು, ಎಲ್ಲವೂ. ಆ ಮಾಹಿತಿ ಕಾರು ತಯಾರಕರಿಂದಲೇ ಹೋಗಿತ್ತು. ಮುಂದೆ 2025ರ ಜನವರಿಯಲ್ಲಿ ಅಮೆರಿಕದಲ್ಲಿ ಗ್ರಾಹಕರ ಹಿತ ನೋಡಿಕೊಳ್ಳುವ ಫೆಡರಲ್ ಟ್ರೇಡ್ ಕಮಿಷನ್ ಎಂಬ ಆಯೋಗ, ಜನರಲ್ ಮೋಟರ್ಸ್ ಮತ್ತು ಅದರ ಟೆಲಿಮ್ಯಾಟಿಕ್ಸ್ ಕಂಪನಿ ಆನ್‌ಸ್ಟಾರ್ ಮೇಲೆ ಕ್ರಮ ಪ್ರಕಟಿಸಿತು. ಕಾರಿನ ಜಾಗವನ್ನು ಕೆಲವೊಮ್ಮೆ 3 ಸೆಕೆಂಡಿಗೊಮ್ಮೆ ದಾಖಲಿಸಿಕೊಂಡು, ಸರಿಯಾದ ಒಪ್ಪಿಗೆ ಇಲ್ಲದೆ ಮಾರುತ್ತಿದ್ದರು ಎಂಬುದು ಆರೋಪ. ಇಂಥ ಮಾಹಿತಿಯನ್ನು ಲೆಕ್ಸಿಸ್‌ನೆಕ್ಸಿಸ್‌ನಂತೆ ಗ್ರಾಹಕರ ಬಗ್ಗೆ ವರದಿ ತಯಾರಿಸುವ ಕಂಪನಿಗಳಿಗೆ ಕೊಡದಂತೆ 5 ವರ್ಷದ ನಿರ್ಬಂಧವನ್ನು ಆಯೋಗ ಮುಂದಿಟ್ಟಿತು.

ಒಂದೇ ಕಂಪನಿಯ ಕಥೆ ಎಂದುಕೊಳ್ಳಬೇಡಿ. ಮೊಜಿಲ್ಲಾ ಫೌಂಡೇಶನ್ 2023ರಲ್ಲಿ 25 ಕಾರು ಬ್ರ್ಯಾಂಡ್‌ಗಳ ಗೋಪ್ಯತಾ ನೀತಿ ಪರಿಶೀಲಿಸಿತು. ಒಂದೂ ಪಾಸಾಗಲಿಲ್ಲ. 2024ರ ಕೊನೆಯಲ್ಲಿ ಫೋಕ್ಸ್‌ವ್ಯಾಗನ್ ಗುಂಪಿನ ಸುಮಾರು 8 ಲಕ್ಷ ಎಲೆಕ್ಟ್ರಿಕ್ ಕಾರುಗಳ ಮಾಹಿತಿ ಇಂಟರ್ನೆಟ್ಟಿನಲ್ಲಿ ಸರಿಯಾದ ಕಾವಲಿಲ್ಲದೆ ಬಿದ್ದಿದ್ದು ಬೆಳಕಿಗೆ ಬಂತು. ಯಾರೂ ಮಾರದಿದ್ದರೂ ಸೋರಿಹೋಗಬಹುದು.

ಮಾಡಬೇಕಾದದ್ದು ಇಷ್ಟು. ಕಾರಿನ ಪರದೆಯಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಪ್ರೈವಸಿ ಅಥವಾ ಡೇಟಾ ಶೇರಿಂಗ್ ಎಂಬುದನ್ನು ತೆರೆಯಿರಿ. ಡ್ರೈವಿಂಗ್ ಸ್ಕೋರ್, ಸ್ಮಾರ್ಟ್ ಡ್ರೈವರ್, ಡ್ರೈವಿಂಗ್ ಇನ್‌ಸೈಟ್ಸ್ ಎಂಬಂಥ ಹೆಸರಿನ ಸೇವೆಗಳಿದ್ದರೆ ಆಫ್ ಮಾಡಿ. ಫೋನಿನ ಆ್ಯಪ್‌ನಲ್ಲೂ ಪ್ರತ್ಯೇಕವಾಗಿ ಆಫ್ ಮಾಡಿ. ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ತೆರೆದೇ ಇರಬಹುದು. ಆದರೆ ಎಲ್ಲವನ್ನೂ ಕಿತ್ತು ಹಾಕುವ ಮುಂಚೆ ತುರ್ತು ಕರೆಯ ಸೇವೆ ಅದರ ಜೊತೆಗೇ ಹೋಗುತ್ತದಾ ನೋಡಿಕೊಳ್ಳಿ. ಅಪಘಾತವಾದಾಗ ಕಾರು ತಾನಾಗಿ ಸಹಾಯ ಕರೆಯುವುದು ಉಳಿಸಿಕೊಳ್ಳಬೇಕಾದ ಸೌಲಭ್ಯ. ಯುರೋಪಿನಲ್ಲಿ 2018ರಿಂದ ಹೊಸ ಮಾಡೆಲ್‌ಗಳಿಗೆ ಕಡ್ಡಾಯವಾಗಿರುವ ಇಕಾಲ್ ಇಂಥದ್ದೇ. ಡಿಕ್ಕಿಯಾಗುವವರೆಗೆ ಅದು ಸುಮ್ಮನಿರುತ್ತದೆ. ಅದನ್ನು ಅನುಮಾನಿಸಬೇಕಿಲ್ಲ.

ಹೊಸ ಕಾರು ಕೊಡುವ ದಿನ ಷೋರೂಮಿನವರು ತಾವೇ ಪರದೆ ಒತ್ತುತ್ತಾ "ಎಲ್ಲ ಆ್ಯಕ್ಟಿವೇಟ್ ಮಾಡಿಕೊಟ್ಟಿದ್ದೀವಿ" ಎನ್ನಬಹುದು. ಆ ಒತ್ತುವ ಕೆಲಸ ನೀವೇ ಮಾಡಿ. ಅದೂ ಒಂದು ಸಹಿಯೇ. ಈಗಾಗಲೇ ಏನು ಹೋಗಿದೆ ಎಂದು ತಿಳಿಯಬೇಕಾದರೆ, ಅಮೆರಿಕದಲ್ಲಿರುವವರು ಲೆಕ್ಸಿಸ್‌ನೆಕ್ಸಿಸ್‌ನಂಥ ಕಂಪನಿಗಳಿಂದ ತಮ್ಮ ಕಡತ ಕೇಳಬಹುದು. ಯುರೋಪಿನಲ್ಲಿರುವವರು ಜಿಡಿಪಿಆರ್ ಎಂಬ ಅಲ್ಲಿನ ಮಾಹಿತಿ ರಕ್ಷಣಾ ಕಾನೂನಿನ ಕೆಳಗೆ ಕಾರು ತಯಾರಕರನ್ನೇ ನೇರವಾಗಿ ಕೇಳಬಹುದು.

ನೀವು ಓಡಿಸುವ ರೀತಿ ನೋಡಿ ಅಂಕ ಹಾಕಲು ಇನ್ಶೂರೆನ್ಸ್ ಕಂಪನಿ ಕೊಡುವ ಡಾಂಗಲ್ (ಕಾರಿಗೆ ಚುಚ್ಚುವ ಚಿಕ್ಕ ಸಾಧನ) ಅಥವಾ ಆ್ಯಪ್ ನೀವೇ ಮನಸಾರೆ ಒಪ್ಪುವಂಥದ್ದು. ರಿಯಾಯಿತಿ ಸಿಗುತ್ತದೆ ಎಂದರೆ ಬೇಡ ಎನ್ನುವುದು ಕಷ್ಟ. ಒಪ್ಪುವ ಮುಂಚೆ ಮೂರು ಪ್ರಶ್ನೆ ಕೇಳಿ. ಅಂಕ ಕಡಿಮೆ ಬಂದರೆ ಕಂತು ಏರುತ್ತದಾ? ಅಪಘಾತದ ಕ್ಲೇಮ್‌ನಲ್ಲಿ ಈ ಮಾಹಿತಿ ಬಳಸುತ್ತೀರಾ? ಸೇವೆ ಬಿಟ್ಟ ಮೇಲೆ ಎಷ್ಟು ದಿನ ಇಟ್ಟುಕೊಳ್ಳುತ್ತೀರಿ? ರಾತ್ರಿ ಪಾಳಿಯಲ್ಲಿ ಕೆಲಸ ಮಾಡುವವರು ಇನ್ನೂ ಯೋಚಿಸಬೇಕು. ತಡರಾತ್ರಿ ಓಡಿಸುವುದಕ್ಕೇ ಅಂಕ ಕಳೆಯುವ ಯೋಜನೆಗಳಿವೆ.

ಹೆಜ್ಜೆ 8: ಮಾರುವಾಗ, ಬಾಡಿಗೆ ಕಾರು ಹಿಂದಿರುಗಿಸುವಾಗ

ಕೀ ಕೊಡುವ ಮುಂಚೆ ಹತ್ತು ನಿಮಿಷ ಕಾರಿನಲ್ಲಿ ಕೂತುಕೊಳ್ಳಿ. ಜೋಡಿಸಿದ ಫೋನುಗಳನ್ನೆಲ್ಲ ಅಳಿಸಿ. ನ್ಯಾವಿಗೇಶನ್‌ನಲ್ಲಿ "ಮನೆ" ಎಂದು ಉಳಿಸಿದ ವಿಳಾಸ ತೆಗೆಯಿರಿ. ಗ್ಯಾರೇಜ್ ಬಾಗಿಲು ತೆರೆಯುವ ಬಟನ್ ಕಾರಿನಲ್ಲಿ ಇದ್ದರೆ ಅದನ್ನೂ ಅಳಿಸಿ. ಸ್ವಂತ ಕಾರಾದರೆ ಆಮೇಲೆ ಫ್ಯಾಕ್ಟರಿ ರೀಸೆಟ್ ಮಾಡಿ. ಇದರಿಂದ ಇಡಿಆರ್‌ನ ದಾಖಲೆ ಅಳಿಸುವುದಿಲ್ಲ. ಪರದೆಯ ಮಾಹಿತಿ ಮಾತ್ರ ಹೋಗುತ್ತದೆ.

ಕೊನೆಗೆ ನಿಮ್ಮ ಫೋನಿನ ಆ್ಯಪ್‌ನಿಂದ ಆ ಕಾರನ್ನು ತೆಗೆದುಹಾಕಿ, ಕಂಪನಿಯ ಖಾತೆಯಲ್ಲೂ ಮಾಲೀಕತ್ವ ಬದಲಾಗಿದೆ ಎಂದು ತಿಳಿಸಿ. ಮಾರಿದ ಮೇಲೂ ಹಳೆಯ ಮಾಲೀಕರ ಫೋನಿನಲ್ಲಿ ಕಾರು ಎಲ್ಲಿದೆ ಎಂದು ಕಾಣಿಸುತ್ತಲೇ ಇರಬಹುದು. ಬಾಗಿಲು ತೆರೆಯಲೂ ಆಗಬಹುದು. ಹಳೆಯ ಕಾರು ಕೊಳ್ಳುತ್ತಿರುವವರು ನೀವಾದರೆ ಇದನ್ನೇ ತಿರುಗಿಸಿ ಮಾಡಿ. ಹಿಂದಿನವರು ಆ್ಯಪ್‌ನಿಂದ ಕಾರನ್ನು ತೆಗೆಯುವುದನ್ನು ಎದುರಿಗೇ ನೋಡಿ, ಆಮೇಲೆ ಉಳಿದ ಹಣ ಕೊಡಿ.